ಗಾಜಿನ ಅಂಬಲಿ ಮೀನಿಗೆ ಆಯುಧಪೂಜೆಯ ಸ್ನಾನ

ಬಾಯಿಂದ ಕೆಲಸ ಕಳೆದುಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಮೆಡಿಕಲ್ ಶಾಪಿನಲ್ಲಿ ಯಜಮಾನರು ಸೀನುವ ಶೈಲಿಯನ್ನು ಅವರ ಬೆನ್ನ ಹಿಂದೆಯೇ ಸೀನಿ ತೋರಿಸಿ ಹೊರಬಿದ್ದೆ. ಕೊರಿಯರ್ ಆಫೀಸಿನಲ್ಲಿ ಮ್ಯಾನೇಜರ್ ಧ್ವನಿಯಲ್ಲಿ ಇಡೀ ಸ್ಟಾಫಿಗೆ ಮಧ್ಯಾಹ್ನದ ಮೇಲೆ ರಜೆ ಕೊಟ್ಟೆ. ಎಲ್ಲರಿಗೂ ಅರ್ಧ ದಿನ ಸಿಕ್ಕಿತು, ನನಗೆ ಪೂರ್ತಿ ರಜೆ ಸಿಕ್ಕಿತು. ಟೈರ್ ಅಂಗಡಿಯ ಕಥೆ ಬೇಡ, ಆ ಯಜಮಾನರು ಈಗಲೂ ನನ್ನನ್ನು ಕಂಡರೆ ಸ್ಪ್ಯಾನರ್ ಹುಡುಕುತ್ತಾರೆ. ಆದರೆ ಕೈಯಿಂದ ಕೆಲಸ ಕಳೆದುಕೊಳ್ಳುವ ಹಂತಕ್ಕೆ ಹೋದದ್ದು ಒಂದೇ ಸಲ. ಅದೂ ಭಕ್ತಿಯಿಂದ.

ಶಿವಮೊಗ್ಗದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಲ್ಯಾಬ್ ಅಟೆಂಡರ್. ಕಾಯಂ ಅಲ್ಲ. ದಸರಾ ರಜೆ ಮುಗಿದ ವಾರ ವಿಭಾಗದ ಮುಖ್ಯಸ್ಥೆ ‘ಇವನನ್ನು ಮುಂದುವರಿಸಬಹುದು’ ಎಂದು ಪತ್ರ ಬರೆದುಕೊಟ್ಟರೆ ಇನ್ನೊಂದು ವರ್ಷ ಇರುತ್ತೇನೆ. ಬರೆಯದಿದ್ದರೆ ನವುಲೆಯ ಮನೆಯಲ್ಲಿ ಅಮ್ಮನ ಎದುರು ಕೂತು ಬೆಳ್ಳುಳ್ಳಿ ಸುಲಿಯುತ್ತೇನೆ. ಅಮ್ಮ ಸುಮ್ಮನೆ ಸುಲಿಸುವವಳಲ್ಲ. ಒಂದೊಂದು ಎಸಳಿಗೂ ಒಂದೊಂದು ಹಳೆಯ ಕೆಲಸದ ಹೆಸರು ಹೇಳುತ್ತಾಳೆ.

ಆ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ವಿದ್ಯಾನಗರದಿಂದ ಸ್ಕೂಟರಿನಲ್ಲಿ ಬರುವ ಸಣ್ಣ ಆಕಾರ, ಅದಕ್ಕೆ ಹೊಂದದ ದೊಡ್ಡ ಧ್ವನಿ. ಮಾತು ಸ್ವಲ್ಪ ಮೂಗಿನಿಂದ ಹೊರಡುತ್ತದೆ, ಪ್ರತಿ ವಾಕ್ಯದ ಕೊನೆಗೆ ‘ಅಲ್ವಾ ಮತ್ತೆ’ ಎಂಬ ಬಾಲವಿರುತ್ತದೆ, ಬೈಯುವ ಮೊದಲು ಕನ್ನಡಕ ತೆಗೆಯುತ್ತಾರೆ. ನನ್ನ ಮಿಮಿಕ್ರಿಯಲ್ಲಿ ಅವರೇ ನನ್ನ ಬೆಸ್ಟ್ ಐಟಂ. ಕ್ಯಾಂಟೀನಿನಲ್ಲಿ ಮೇಡಂ ಧ್ವನಿಯಲ್ಲಿ ಹತ್ತು ನಿಮಿಷ ಪಾಠ ಮಾಡಿದರೆ ಹುಡುಗರು ಟೀ ಕೊಡಿಸುತ್ತಿದ್ದರು. ಅವರಿಗೆ ಹೆಚ್ಚು ಇಷ್ಟವಾದದ್ದು ಅಂಬಲಿ ಮೀನಿನ ಪಾಠ.

ಅಂಬಲಿ ಮೀನು ಎಂದರೆ ಸಮುದ್ರದಲ್ಲಿ ತೇಲುವ ಜೆಲ್ಲಿಯಂಥ ಪ್ರಾಣಿ. ಮೀನೂ ಅಲ್ಲ, ಅಂಬಲಿಯೂ ಅಲ್ಲ. ನಮ್ಮ ಲ್ಯಾಬಿನಲ್ಲಿ ಗಾಜಿನದೊಂದು ಇದೆ. ಮಗುಚಿಟ್ಟ ಬಟ್ಟಲಿನಂಥ ಮೈ, ಅಂಚಿನ ಸುತ್ತ ಕೂದಲೆಳೆಯಂಥ ಗಾಜಿನ ಝಾಲರಿ, ಬಟ್ಟಲಿನ ಒಳಗೆ ಕುದುರೆ ಲಾಳದ ಆಕಾರದ ನೇರಳೆ ಗುರುತು ನಾಲ್ಕು, ಕೆಳಗೆ ನಡುವಿನಿಂದ ಇಳಿಬಿದ್ದ ನಾಲ್ಕು ತೋಳು. ತೋಳಿನ ಅಂಚುಗಳಿಗೆ ಲಂಗದ ನಿರಿಗೆಯಂಥ ನಿರಿಗೆ. ಅದರ ಪಕ್ಕದ ಬಾಟಲಿಯಲ್ಲಿ, ಫಾರ್ಮಲಿನ್ನಿನೊಳಗೆ, ನಿಜವಾದ ಅಂಬಲಿ ಮೀನೂ ಒಂದಿದೆ. ಅದು ತಣ್ಣಗಾದ ಸಬ್ಬಕ್ಕಿ ಪಾಯಸದಂತೆ ತಳದಲ್ಲಿ ಕೂತಿದೆ. ಮೈಯೆಲ್ಲ ನೀರೇ ಆದ ಪ್ರಾಣಿ ಸತ್ತ ಮೇಲೆ ಆಕಾರವನ್ನೂ ಉಳಿಸಿಕೊಳ್ಳುವುದಿಲ್ಲ, ಬಣ್ಣವನ್ನೂ ಉಳಿಸಿಕೊಳ್ಳುವುದಿಲ್ಲ. ಅದಕ್ಕೇ ಹಿಂದೆ ಯಾವನೋ ಕುಶಲಕರ್ಮಿ, ಎಲ್ಲೋ ಹೊರದೇಶದಲ್ಲಿ, ದೀಪದ ಉರಿಯ ಮೇಲೆ ಗಾಜನ್ನು ಕರಗಿಸಿ, ಎಳೆದು, ಊದಿ ಇದನ್ನು ಮಾಡಿದ್ದಾನೆ. ಮೇಡಂ ಎರಡನ್ನೂ ಮೇಜಿನ ಮೇಲಿಟ್ಟು ಹೇಳುತ್ತಾರೆ: “ನಿಜವಾದದ್ದು ಸುಳ್ಳು ಹೇಳ್ತಿದೆ. ಗಾಜಿಂದು ನಿಜ ಹೇಳ್ತಿದೆ. ಅಲ್ವಾ ಮತ್ತೆ?”

ಅದು ನಮ್ಮ ಕಾಲೇಜಿಗೆ ಹೇಗೆ ಬಂತೆಂದು ಯಾರಿಗೂ ಗೊತ್ತಿಲ್ಲ. ಮೇಡಂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೀರುವಿನ ತಲೆಯ ಮೇಲೆ ಹಳೇ ಪೇಪರಿನಲ್ಲಿ ಸುತ್ತಿದ್ದು ಸಿಕ್ಕಿತಂತೆ. ಅಂದಿನಿಂದ ಅವರನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಕಳೆದ ದಸರೆಗೆ ಮೈಸೂರಿನ ತಂಗಿಯ ಮನೆಗೆ ಹೊರಟವರು ಮೊದಲ ಸಲ ನನ್ನನ್ನು ಕರೆದು ಹೇಳಿದರು:

“ಹಬ್ಬಕ್ಕೆ ಲ್ಯಾಬ್ ಕ್ಲೀನ್ ಮಾಡ್ತೀಯಲ್ಲ, ಇದರ ಧೂಳೂ ತೆಗಿ. ಒಣ ಬ್ರಷ್ ಮಾತ್ರ. ಅರ್ಥ ಆಯ್ತು ಅಲ್ವಾ ಮತ್ತೆ?”

“ಆಯ್ತು ಮೇಡಂ.”

ಅರ್ಥವಾಗಿತ್ತು. ಸುಳ್ಳು ಯಾಕೆ ಹೇಳಲಿ, ಪೂರ್ತಿ ಅರ್ಥವಾಗಿತ್ತು.

ಆಯುಧಪೂಜೆಯ ಬೆಳಿಗ್ಗೆ ಲ್ಯಾಬಿನಲ್ಲಿ ನಾನೊಬ್ಬನೇ. ಮೈಕ್ರೋಸ್ಕೋಪುಗಳನ್ನು ಒರೆಸಿದೆ. ಕತ್ತರಿ, ಚಿಮಟ, ಟ್ರೇಗಳನ್ನು ತೊಳೆದೆ. ಮೂಲೆಯ ಅಸ್ಥಿಪಂಜರಕ್ಕೆ ವಿಭೂತಿ ಬಳಿದು ಕುಂಕುಮವಿಟ್ಟಾಗ ಅದು ನಮ್ಮ ಬೀದಿಯ ಪುರೋಹಿತರಂತೆಯೇ ಕಂಡಿದ್ದರಿಂದ ಅವರ ಧ್ವನಿಯಲ್ಲಿ ಎರಡು ಮಂತ್ರವನ್ನೂ ಹೇಳಿಸಿದೆ. ಕೊನೆಗೆ ಉಳಿದದ್ದು ಗಾಜಿನ ಅಂಬಲಿ ಮೀನು. ಬ್ರಷ್ ಹಿಡಿದೆ. ನಿರಿಗೆಗಳ ಸಂದಿಯ ಧೂಳು ಅಲ್ಲಾಡಲಿಲ್ಲ. ಹಬ್ಬದ ದಿನ ಮನೆಯ ಹಳೇ ಸೈಕಲ್ಲಿಗೂ ಸ್ನಾನವಾಗುತ್ತದೆ, ಆಟೋದವರು ಚಕ್ರದ ಒಳಗಿನ ಮಣ್ಣನ್ನೂ ತೊಳೆಯುತ್ತಾರೆ. ಇದಕ್ಕೊಂದು ಸ್ನಾನ ಬೇಡವೇ? ಸಮುದ್ರದ ಪ್ರಾಣಿ ಬೇರೆ. ನೀರಿನಿಂದ ಇದಕ್ಕೇನು ತೊಂದರೆ?

ನೀಲಿ ಟಬ್ಬಿಗೆ ಉಗುರುಬೆಚ್ಚಗಿನ ನೀರು ತುಂಬಿ, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಎಳೆಗೂಸನ್ನು ಇಳಿಸುವಂತೆ ಇಳಿಸಿದೆ. ಎಷ್ಟು ಚಂದ ಕಂಡಿತೆಂದರೆ, ನೀರಿನೊಳಗೆ ಗಾಜು ಮಾಯವಾಗಿ ನಾಲ್ಕು ನೇರಳೆ ಲಾಳಗಳು ಮಾತ್ರ ತೇಲುತ್ತಿದ್ದವು. ನಾನು ಆ ಚಂದ ನೋಡುತ್ತ ಹಳ್ಳಿಯ ಅಜ್ಜಿಯಂತೆ ‘ಅಲೆಲೆ ಬಂಗಾರ, ಕಣ್ ಮುಚ್ಕೋ’ ಎಂದು ಅದರ ಮೇಲೆ ನೀರು ಹೊಯ್ಯುತ್ತಿದ್ದೆ.

ಟಿಣ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ.

ಮೇಲೆತ್ತಿದರೆ ಕೈಯಲ್ಲಿ ಬರೀ ಬಟ್ಟಲು. ನಾಲ್ಕು ತೋಳೂ ಟಬ್ಬಿನ ತಳದಲ್ಲಿ ಸೋಪಿನ ನೊರೆಯ ಕೆಳಗೆ ಮಲಗಿದ್ದವು.

ನನ್ನ ಗಂಟಲಿನಲ್ಲಿ ಇಪ್ಪತ್ತು ಜನರಿದ್ದಾರೆ. ಆ ಕ್ಷಣ ಒಬ್ಬರೂ ಬಾಯಿ ಬಿಡಲಿಲ್ಲ. ನೀರನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ತೋಳುಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ಮಲಗಿಸಿ, ಪಕ್ಕದಲ್ಲೇ ನೆಲದ ಮೇಲೆ ಕೂತೆ. ಅಸ್ಥಿಪಂಜರ ಕುಂಕುಮ ಇಟ್ಟುಕೊಂಡು ನಗುತ್ತಿತ್ತು. ಮೇಡಂ ಬರುವುದು ಸೋಮವಾರ. ಪತ್ರ ಬರೆಯುವುದೂ ಸೋಮವಾರ.

ಕೆಮಿಸ್ಟ್ರಿ ಲ್ಯಾಬಿನ ಹಿರಿಯ ಅಟೆಂಡರ್‌ಗೆ ಫೋನ್ ಮಾಡಿದೆ. ವಿಷಯ ಕೇಳಿ ಅವರು ಮೊದಲು ಮನಸಾರೆ ನಕ್ಕರು.

“ಮಾರಾಯ, ನಿನಗೆ ತೊಳಿಯಕ್ಕೆ ಬೇರೆ ಏನೂ ಸಿಗ್ಲಿಲ್ವಾ? ಸರಿ, ಕೇಳು. ಭದ್ರಾವತಿಲಿ ಒಬ್ರು ಇದ್ದಾರೆ. ಕಾರ್ಖಾನೆ ಲ್ಯಾಬಿಗೆ ಗಾಜು ಊದಿ ಕೊಡ್ತಿದ್ರು, ಈಗ ರಿಟೈರ್ಡ್. ನಮ್ಮ ಬ್ಯೂರೆಟ್ ಮುರಿದ್ರೆ ಅವ್ರ ಹತ್ರಾನೇ ಕಳಿಸ್ತಿದ್ವಿ. ಆದ್ರೆ ಹಬ್ಬದ ದಿನ ಯಾರ ಮಾತೂ ಕೇಳಲ್ಲ ಅವ್ರು.”

ಯಾರ ಮಾತೂ ಕೇಳುವುದಿಲ್ಲ ಎಂದರೆ ಯಾರದಾದರೂ ದೊಡ್ಡವರ ಮಾತು ಕೇಳಿಸಬೇಕು ಎಂದೇ ನಾನು ಅರ್ಥ ಮಾಡಿಕೊಂಡೆ. ಹಿರಿಯರು ಕೊಟ್ಟ ನಂಬರಿಗೆ ಪ್ರಿನ್ಸಿಪಾಲರ ಧ್ವನಿಯಲ್ಲಿ ಫೋನ್ ಮಾಡಿದೆ. ಎರಡು ಸಲ ಕೆಮ್ಮಿ, “ನಮ್ಮ ಹುಡುಗ ಒಬ್ಬ ನಾಳೆ ಬರ್ತಾನೆ, ತುಂಬ ಒಳ್ಳೆ ಹುಡುಗ, ಸ್ವಲ್ಪ ಸಹಾಯ ಮಾಡಿ” ಎಂದೆ. ಆ ಕಡೆಯಿಂದ “ಬರ್ಲಿ ಸಾರ್, ಬರ್ಲಿ” ಎಂಬ ಉತ್ತರ ಬಂತು.

ಮರುದಿನ ವಿಜಯದಶಮಿ. ಗಾಜನ್ನು ಬಸ್ಸಿನಲ್ಲಿ ಒಯ್ಯುವುದು ಹೇಗೆ? ಹಬ್ಬಕ್ಕೆ ತಂದ ಮಂಡಕ್ಕಿ ಮನೆಯಲ್ಲಿ ಮೂಟೆಗಟ್ಟಲೆ ಇತ್ತು. ದೊಡ್ಡ ಸ್ಟೀಲ್ ಡಬ್ಬಿಯ ತಳಕ್ಕೆ ಮಂಡಕ್ಕಿ ಸುರಿದು, ಮೇಲೆ ಬಟ್ಟಲು, ಅದರ ಸುತ್ತ ಮತ್ತೆ ಮಂಡಕ್ಕಿ, ನಡುನಡುವೆ ಒಂದೊಂದು ತೋಳು, ಕೊನೆಗೆ ಬಾಯಿತನಕ ಮಂಡಕ್ಕಿ. ಹತ್ತಿಗಿಂತ ಹಗುರ, ಸಂದಿಸಂದಿಗೂ ಹೋಗಿ ಕೂರುತ್ತದೆ, ಗಾಜಿಗೆ ಒತ್ತುವುದಿಲ್ಲ. ನನ್ನ ಬುದ್ಧಿಗೆ ನಾನೇ ಭೇಷ್ ಹೇಳಿಕೊಂಡೆ. ಮುಚ್ಚಳ ಮಾತ್ರ ಸರಿಯಾಗಿ ಕೂರಲಿಲ್ಲ.

ಬಸ್ಸಿನ ಮುಂದೆ ಬಾಳೆಕಂದು, ಒಳಗೆ ಚೆಂಡುಹೂವಿನ ಹಾರ. ಪಕ್ಕದ ಸೀಟಿನ ಅಜ್ಜಿ ನನ್ನ ತೊಡೆಯ ಮೇಲಿನ ಡಬ್ಬಿಯನ್ನೇ ನೋಡಿದರು. ಓರೆಯಾದ ಮುಚ್ಚಳದಿಂದ ಮಂಡಕ್ಕಿ ಇಣುಕುತ್ತಿತ್ತು.

“ಆಯುಧಪೂಜೆ ಪ್ರಸಾದ ಏನಪ್ಪ?”

“ಹೂಂ ಅಜ್ಜಿ.”

‘ಅಲ್ಲ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಬ್ಬದ ಮರುದಿನ ಮಂಡಕ್ಕಿ ಡಬ್ಬಿ ಹಿಡಿದುಕೊಂಡು ಪ್ರಸಾದವಲ್ಲ ಎನ್ನುವ ಧೈರ್ಯ ಯಾರಿಗಿದೆ?

“ಹಾಗಾದ್ರೆ ಒಂದಿಡಿ ಕೊಡೋ ಮಗ. ಈ ಸಲ ನಂಗೆ ಯಾರೂ ಕೊಡ್ಲಿಲ್ಲ.”

ಅವರ ಕೈ ಆಗಲೇ ಡಬ್ಬಿಯ ಕಡೆ ಹೊರಟಿತ್ತು. “ನಾನೇ ಕೊಡ್ತೀನಿ ಅಜ್ಜಿ, ನಾನೇ!” ಎಂದು ಬೆರಳ ತುದಿಯಲ್ಲಿ ಮೇಲಿನ ಪದರವನ್ನಷ್ಟೇ ಎತ್ತಿ ಕೊಟ್ಟೆ. ಅಜ್ಜಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅದನ್ನು ನೋಡಿ ಹಿಂದಿನ ಸೀಟಿನಿಂದ ಎರಡು ಕೈ ಬಂದವು, ಎದುರಿನಿಂದ ಒಂದು, ಆಮೇಲೆ ಕಂಡಕ್ಟರ್.

“ಕಡ್ಲೆ, ಕೊಬ್ಬರಿ ಏನೂ ಹಾಕಿಲ್ವಲ್ಲೋ! ಜಿಪುಣ್ರಾ ನಿಮ್ಮನೆಯವ್ರು?” ಎಂದ ಕಂಡಕ್ಟರ್.

“ಇದು ಲ್ಯಾಬಿನ ಪೂಜೆ ಅಣ್ಣ, ಸರ್ಕಾರಿ ಪ್ರಸಾದದ ಹಾಗೇ ಇರುತ್ತೆ” ಎಂದೆ. ನಮ್ಮದು ಸರ್ಕಾರಿ ಕಾಲೇಜೂ ಅಲ್ಲ. ಭದ್ರಾವತಿ ಬರುವಷ್ಟರಲ್ಲಿ ಒಂದು ತೋಳಿನ ನಿರಿಗೆ ಹೊರಗೆ ಕಾಣುತ್ತಿತ್ತು. ಇನ್ನೆರಡು ಸ್ಟಾಪ್ ಹೆಚ್ಚಿದ್ದರೂ ಯಾರಾದರೊಬ್ಬರು ಅಂಬಲಿ ಮೀನನ್ನು ಅಗಿಯುತ್ತಿದ್ದರು.

ಹಳೇ ಕ್ವಾರ್ಟರ್ಸ್ ಸಾಲಿನ ಕೊನೆಯ ಮನೆ ಗಾಜಿನವರದು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ, ತನ್ನಷ್ಟಕ್ಕೆ ತಮಿಳು, ಉಳಿದವರ ಜೊತೆ ಕನ್ನಡ. ಎರಡೂ ಕೈಗಳ ಬೆರಳತುದಿಗಳು ಹಳೆಯ ಸುಟ್ಟ ಕಲೆಗಳಿಂದ ನುಣುಪಾಗಿದ್ದವು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಬಾ ತಂಬಿ. ನಿಮ್ಮ ಪ್ರಿನ್ಸಿಪಾಲ್ರು ನಿನ್ನೆ ಫೋನ್ ಮಾಡಿದ್ರು.”

ನಾನು ಗಾಬರಿಗೆ ಒಮ್ಮೆ ಕೆಮ್ಮಿದೆ.

“ಆಂ, ಹೀಗೇ ಕೆಮ್ಮಿದ್ರು” ಎಂದರು. ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. “ಒಳ್ಳೆ ಮನುಷ್ಯ. ನಿನ್ನ ಬಗ್ಗೆ ನಿನಗಿಂತ ಒಳ್ಳೇ ಅಭಿಪ್ರಾಯ ಇದೆ ಅವರಿಗೆ. ಡಬ್ಬಿ ತೆಗಿ.”

ಹಿತ್ತಿಲ ಶೆಡ್ಡಿನಲ್ಲಿ ಅವರ ಬೆಂಚು, ಬರ್ನರ್, ಗಾಜಿನ ಕೊಳವೆಗಳ ಕಟ್ಟು. ಬಟ್ಟಲನ್ನೂ ತೋಳುಗಳನ್ನೂ ಬಿಳಿ ಬಟ್ಟೆಯ ಮೇಲೆ ಇಟ್ಟು ಅವರು ಒಂದೊಂದನ್ನೇ ಬೆರಳಿನಿಂದ ಸವರಿದರು. ಒಂದು ತೋಳನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ತಮಿಳಿನಲ್ಲಿ ಏನೋ ಅಂದುಕೊಂಡರು.

“ಮುರಿದುಬಿಟ್ಟೆ ಸಾರ್” ಎಂದೆ.

“ಕೈ ತೋರ್ಸು.”

ತೋರಿಸಿದೆ.

“ಎಲ್ಲಾದ್ರೂ ಕುಯ್ದಿದ್ಯಾ? ಇಲ್ಲ ಅಲ್ವಾ. ನಾಲ್ಕು ತೋಳು ಎತ್ತಿದೀಯ, ಒರೆಸಿದೀಯ, ಮಂಡಕ್ಕಿಲಿ ಹೂತಿದೀಯ. ಮುರಿದ ಗಾಜಾಗಿದ್ರೆ ನಿನ್ನ ಬೆರಳು ಬಿಡ್ತಿತ್ತಾ? ಇಲ್ಲಿ ನೋಡು, ತುದಿ ಎಲ್ಲಾ ದುಂಡಗಿದೆ. ಮಾಡ್ದೋನೇ ಬೇರೆ ಬೇರೆ ಮಾಡಿ ಅಂಟಿಸಿದಾನೆ. ಹಳೇ ಕಾಲದ ಸರೇಸು. ಬೆಚ್ಚಗಿನ ನೀರು ಬಿದ್ರೆ ಬಿಟ್ಕೊಳ್ಳುತ್ತೆ. ನೀನು ಮುರಿದಿಲ್ಲ ಕಣಯ್ಯ, ಬಿಚ್ಚಿದೀಯ.”

ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಯಾರೋ ದಪ್ಪ ಮನುಷ್ಯ ಎದ್ದುಹೋದಂತಾಯಿತು. ನನ್ನ ಪಾಡಿಗೆ ನಾನು ನಗತೊಡಗಿದೆ.

“ನಗ್ಬೇಡ. ಇನ್ನೂ ಅಂಟಿಸಿಲ್ಲ.”

ಕ್ಷಣದಲ್ಲಿ ಹಿಡಿಯುವ ಟ್ಯೂಬ್ ಅಂಟೊಂದನ್ನು ಜೇಬಿನಲ್ಲಿ ತಂದಿದ್ದೆ. ಅದನ್ನು ತೋರಿಸಿದ್ದಕ್ಕೆ ಅವರು ಹಾವು ಕಂಡವರಂತೆ ಹಿಂದೆ ಸರಿದರು. ಅದನ್ನು ಹಾಕಿದರೆ ಗಾಜಿಗೆ ಬಿಳಿ ಮಬ್ಬು ಕವಿಯುತ್ತದಂತೆ. ತಪ್ಪಾಗಿ ಕೂತರೆ ತಪ್ಪಾಗಿಯೇ ಇರುತ್ತದಂತೆ. ಉರಿಯಲ್ಲಿ ಬೆಸೆಯುವುದೂ ಆಗದ ಮಾತು, ಹಳೆಯ ಗಾಜು ಬಿಸಿಗೆ ಸಿಡಿದುಬಿಡುತ್ತದೆ, ಬಣ್ಣವೂ ಹೋಗುತ್ತದೆ. “ತಪ್ಪು ಮಾಡಿದ್ರೆ ಬಿಡಿಸಿ ಮತ್ತೆ ಕೂರ್ಸೋ ಹಾಗಿರ್ಬೇಕು. ಅದಕ್ಕೇ ಅವನು ಸರೇಸು ಹಾಕಿದ್ದು” ಎಂದರು. ಬಡಗಿಗಳು ಹಿಂದೆ ಚರ್ಮ, ಮೂಳೆ ಕಾಯಿಸಿ ಮಾಡುತ್ತಿದ್ದ ಆ ಅಂಟಿನ ಒಂದು ಗಟ್ಟಿ ಅವರ ಹತ್ತಿರ ಇನ್ನೂ ಇತ್ತು. ಅದನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಲು ಹೊರಟಾಗ ಅಡುಗೆಮನೆಯಿಂದ ಅವರ ಹೆಂಡತಿಯ ಧ್ವನಿ ಬಂತು:

“ಹಬ್ಬದ ದಿನ ಮನೇಲಿ ಚರ್ಮ ಬೇಯಿಸ್ತಾರಾ? ಏನ್ ನಾತ ಇದು!”

“ಸಮುದ್ರದ ಪ್ರಾಣಿಗೆ ಔಷಧಿ ಕಣಮ್ಮ!”

“ನಿಮಗೂ ಸ್ವಲ್ಪ ಹಾಕ್ಕೊಳ್ಳಿ, ಬಾಯಿಗೆ!”

ಅಂಟು ಹದಕ್ಕೆ ಬಂತು. ಅವರು ಬಟ್ಟಲನ್ನು ಅಂಗಾತ ಇಟ್ಟು, ಮೊದಲ ತೋಳನ್ನು ಚಿಮಟದಲ್ಲಿ ಹಿಡಿದು ಕೇಳಿದರು:

“ಎಲ್ಲಿ?”

“ಎಲ್ಲಿ ಅಂದ್ರೆ?”

“ಇದು ಎಲ್ಲಿತ್ತು? ನಾಲ್ಕು ಲಾಳ ಇದೆ, ನಾಲ್ಕು ತೋಳು ಇದೆ. ಲಾಳದ ನೇರಕ್ಕೆ ಕೂರ್ಸ್ಲಾ, ಎರಡು ಲಾಳದ ನಡುವೆ ಕೂರ್ಸ್ಲಾ? ಗುರುತೆಲ್ಲ ನಿನ್ನ ಸೋಪು ನುಂಗಿದೆ. ಗಾಜು ನನಗೆ ಗೊತ್ತು, ಪ್ರಾಣಿ ನಿಮಗೆ ಗೊತ್ತಿರ್ಬೇಕು. ತಪ್ಪು ಕೂರ್ಸಿದ್ರೆ ಇದು ಶೋಕೇಸಿಗೆ ಚಂದ, ಪಾಠಕ್ಕೆ ದಂಡ.”

ಫೋನಿನಲ್ಲಿ ಹುಡುಕಿದೆ. ಗಾಜಿನ ಅಂಬಲಿ ಮೀನಿನ ಫೋಟೋ ನನ್ನಲ್ಲೇ ಒಂದಿತ್ತು. ಅದರಲ್ಲಿ ನಾನು ಮುಂದೆ ನಿಂತು ಮೇಡಂ ಥರ ಕನ್ನಡಕ ತೆಗೆಯುತ್ತಿದ್ದೇನೆ, ಹಿಂದೆ ಅದರ ಒಂದು ಅಂಚು ಮಾತ್ರ ಕಾಣುತ್ತದೆ. ನನ್ನ ಮುಖ ಜೀವನದಲ್ಲಿ ಬಹಳ ಸಲ ನನಗೇ ಅಡ್ಡ ಬಂದಿದೆ. ನೆಟ್ಟಿನ ಫೋಟೋಗಳಲ್ಲಿ ಜೀವಂತ ಪ್ರಾಣಿಗಳ ತೋಳುಗಳು ಒಂದಕ್ಕೊಂದು ಸುತ್ತಿಕೊಂಡಿದ್ದವು. ಒಂದು ಚಿತ್ರ ಮೇಲಿಂದ ನೋಡಿ ಬರೆದದ್ದು, ಇನ್ನೊಂದು ಕೆಳಗಿಂದ. ಎರಡನ್ನೂ ನೋಡಿದ ಮೇಲೆ ಮೊದಲು ಗೊತ್ತಿದ್ದದ್ದೂ ಹೋಯಿತು.

“ನಿಮ್ಮ ಮೇಡಂನ ಕೇಳು.”

“ಅವರನ್ನ ಕೇಳೋ ಹಾಗಿದ್ರೆ ನಾನು ಇಲ್ಲಿಗ್ಯಾಕೆ ಬರ್ತಿದ್ದೆ ಸಾರ್?”

“ಅವರು ಪಾಠದಲ್ಲಿ ಏನ್ ಹೇಳ್ತಾರೆ? ಅದನ್ನಾದ್ರೂ ಹೇಳು.”

ನನ್ನ ಮಾತಿನಲ್ಲಿ ಹೇಳಲು ಹೋದೆ. ಒಂದು ಅಕ್ಷರವೂ ಬರಲಿಲ್ಲ. ಎರಡು ವರ್ಷ ಲ್ಯಾಬಿನ ಹಿಂದೆ ನಿಂತು ಕೇಳಿದ ಪಾಠ, ನೂರು ಸಲ ಕ್ಯಾಂಟೀನಿನಲ್ಲಿ ಮಾಡಿದ ಪಾಠ. ಸರಿ ಎಂದು ಎದ್ದು ನಿಂತೆ, ಇಲ್ಲದ ಕನ್ನಡಕ ತೆಗೆದೆ, ಮೂಗಿನಿಂದ ಶುರು ಮಾಡಿದೆ.

“ಹಿಂದಿನ ಬೆಂಚು, ಇಲ್ಲಿ ನೋಡಿ. ಮಧ್ಯದಲ್ಲಿ ಬಾಯಿ. ದುಂಡಗಿದೆಯಾ? ಇಲ್ಲ, ಚೌಕ. ಚೌಕಕ್ಕೆ ಎಷ್ಟು ಮೂಲೆ? ನಾಲ್ಕು, ಅಲ್ವಾ ಮತ್ತೆ? ಒಂದೊಂದು ಮೂಲೆಯಿಂದ ಒಂದೊಂದು ತೋಳು. ಲಾಳದ ಥರ ಕಾಣ್ತಿರೋದು ಮೊಟ್ಟೆಯ ಚೀಲ. ಅದು ಮೂಲೆಗೆ ಬರುತ್ತಾ? ಬರಲ್ಲ. ಎರಡು ತೋಳಿನ ನಡುವೆ ಬರುತ್ತೆ. ಪರೀಕ್ಷೆಲಿ ಲಾಳದ ನೇರಕ್ಕೆ ತೋಳು ಬರೆದ್ರೆ ಸೊನ್ನೆ ಹಾಕ್ತೀನಿ. ಆಮೇಲೆ ಅಳ್ಬಾರ್ದು, ಅಲ್ವಾ ಮತ್ತೆ?”

ಹೇಳಿ ಮುಗಿಸಿ ಬಾಯಿ ತೆರೆದುಕೊಂಡೇ ನಿಂತೆ. ಟೀ ಬರುತ್ತದೆಂದು ಈ ಪಾಠವನ್ನು ಇಷ್ಟು ದಿನ ಒಪ್ಪಿಸುತ್ತಿದ್ದೆ. ಅದರಲ್ಲಿ ಅಂಬಲಿ ಮೀನೂ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವರು ಬಟ್ಟಲಿನ ನಡುವೆ ಭೂತಗನ್ನಡಿ ಹಿಡಿದರು. ಅಲ್ಲಿ ಉಗುರಿನಷ್ಟು ಗಾಜಿನ ಬಾಯಿ, ಚೌಕ. ನಾಲ್ಕು ಮೂಲೆಗಳೂ ಲಾಳಗಳ ನಡುವಿನ ಖಾಲಿ ಜಾಗಕ್ಕೇ ಮುಖ ಮಾಡಿದ್ದವು.

“ಸರಿಯಾಗಿದೆ” ಎಂದರು ಮೆಲ್ಲಗೆ. “ಮಾಡ್ದೋನು ಪ್ರಾಣಿನೂ ನೋಡಿದಾನೆ.”

ಅಷ್ಟರಲ್ಲಿ ಅವರ ಹೆಂಡತಿ ಒಳ್ಳೆಯ ಲೋಟಗಳಲ್ಲಿ ಕಾಫಿ ಹಿಡಿದು ಬಾಗಿಲಿಗೆ ಬಂದರು. ಸೆರಗು ಸರಿಮಾಡಿಕೊಂಡು ಶೆಡ್ಡಿನ ತುಂಬ ಹುಡುಕಿದರು.

“ಟೀಚರಮ್ಮ ಎಲ್ಲಿ? ಈಗ ಮಾತಾಡ್ತಿದ್ರಲ್ಲ?”

“ಇವನೇ ಕಣಮ್ಮ ಟೀಚರಮ್ಮ.”

ಆಕೆ ನನ್ನ ಕುರುಚಲು ಗಡ್ಡವನ್ನು ನೋಡಿ, ಒಳ್ಳೆಯ ಲೋಟವನ್ನು ಗಂಡನಿಗೆ ಕೊಟ್ಟು, ನನಗೆ ಸ್ಟೀಲ್ ಲೋಟ ತಂದುಕೊಟ್ಟರು.

ಒಂದೊಂದು ಮೂಲೆಗೆ ಒಂದೊಂದು ತೋಳು ಕೂತಿತು. ಒಣಗುವವರೆಗೆ ಅಲ್ಲಾಡದಂತೆ, ಚಪಾತಿಗೆ ಕಲಸಿಟ್ಟ ಹಿಟ್ಟಿನ ನಾಲ್ಕು ಉಂಡೆಗಳನ್ನು ಆಕೆಯಿಂದ ಕಸಿದು ಆನಿಸಿದೆವು. “ಇವತ್ತು ರಾತ್ರಿ ನಿಮಗೆ ಅನ್ನಾನೇ” ಎಂದು ಆಕೆ ಗಂಡನಿಗೆ ತೀರ್ಪು ಕೊಟ್ಟು ಒಳಗೆ ಹೋದರು. ಮಾರನೆಯ ದಿನ ಹೋಗಿ ತಂದೆ. ಮಂಡಕ್ಕಿಯ ಡಬ್ಬಿಯನ್ನು ಈ ಸಲ ಬಟ್ಟೆಯಿಂದ ಕಟ್ಟಿ, ಕೇಳಿದವರಿಗೆಲ್ಲ ‘ಹಾವು’ ಎಂದೆ. ಪಕ್ಕದ ಸೀಟು ಖಾಲಿಯೇ ಇತ್ತು.

ಸೋಮವಾರ ಮೇಡಂ ಬಂದರು. ಭಾನುವಾರ ಪೂರ್ತಿ ನಾನು ನಾಲ್ಕು ಸುಳ್ಳುಗಳನ್ನು ನಾಲ್ಕು ಧ್ವನಿಗಳಲ್ಲಿ ಅಭ್ಯಾಸ ಮಾಡಿದ್ದೆ. ಅವರು ಬ್ಯಾಗ್ ಇಡುವ ಮೊದಲೇ ಶೋಕೇಸಿನ ಎದುರು ನಿಂತರು.

“ಇಷ್ಟು ಹೊಳೀತಿದೆ. ಬ್ರಷ್‌ನಿಂದ ಇಷ್ಟು ಹೊಳಿಯಲ್ಲ.”

ನಾಲ್ಕೂ ಸುಳ್ಳು ಒಂದೇ ಬಾಗಿಲಿನಿಂದ ಹೊರಡಲು ನೋಡಿ ಸಿಕ್ಕಿಹಾಕಿಕೊಂಡವು. “ತೊಳೆದೆ ಮೇಡಂ” ಎಂದೆ. ಉಳಿದದ್ದನ್ನೂ ಹೇಳಿದೆ: ಟಬ್ಬು, ಲಿಕ್ವಿಡ್ಡು, ಟಿಣ್, ಮಂಡಕ್ಕಿ, ಭದ್ರಾವತಿ. ಪ್ರಿನ್ಸಿಪಾಲರ ಕೆಮ್ಮನ್ನು ಮಾತ್ರ ಬಿಟ್ಟೆ.

ಮೇಡಂ ಕನ್ನಡಕ ತೆಗೆದರು. ಆದರೆ ತೆಗೆದದ್ದು ಬೈಯಲಿಕ್ಕಲ್ಲ. ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚಿ, ಅಂಬಲಿ ಮೀನನ್ನು ಕೆಳಗಿನಿಂದ ನೋಡಿದರು. ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು.

“ತೋಳು ಸರಿಯಾದ ಜಾಗದಲ್ಲಿದೆ. ಗಾಜಿನವರಿಗೆ ಯಾರು ಹೇಳಿದ್ದು?”

“ನೀವೇ ಮೇಡಂ.”

“ನಾನಾ?”

“ಅಂದ್ರೆ... ನಾನು ನಿಮ್ಮ ಥರ ಹೇಳಿದೆ.”

“ಹೇಳು ನೋಡೋಣ.”

ಅಷ್ಟು ಕೆಟ್ಟ ಪ್ರೇಕ್ಷಕರ ಎದುರು ನಾನು ಯಾವತ್ತೂ ಐಟಂ ಮಾಡಿಲ್ಲ. ಹೇಳಿದೆ. ಸೊನ್ನೆ ಹಾಕುವವರೆಗೂ ಹೇಳಿದೆ. ಮೇಡಂ ಕೇಳಿಸಿಕೊಂಡು ಕನ್ನಡಕ ಮತ್ತೆ ಹಾಕಿಕೊಂಡರು.

“ನಾನು ಅಷ್ಟು ಮೂಗಿಂದ ಮಾತಾಡ್ತೀನಾ?”

“ಸ್ವಲ್ಪ ಕಮ್ಮಿ ಮೇಡಂ.”

“ಮೊಟ್ಟೆಯ ಚೀಲ ಅಂತ ಮಾತ್ರ ಹೇಳಿದೆ ನೀನು. ಗಂಡು ಪ್ರಾಣಿಲೂ ಅದೇ ಆಕಾರ, ಅದೇ ಜಾಗ. ಆ ವಾಕ್ಯ ಬಿಟ್ಟಿದೀಯ. ಮುಂದಿನ ಸಲ ಕ್ಯಾಂಟೀನ್‌ನಲ್ಲಿ ಮಾಡುವಾಗ ಸೇರಿಸ್ಕೋ.”

ಕ್ಯಾಂಟೀನಿನ ವಿಷಯ ಅವರಿಗೆ ಯಾವತ್ತಿನಿಂದ ಗೊತ್ತಿತ್ತೆಂದು ಕೇಳುವಷ್ಟು ಹುಚ್ಚು ನನಗಿರಲಿಲ್ಲ. ಅವರು ಅಂಬಲಿ ಮೀನನ್ನು ಒಳಗಿಟ್ಟು, ಕೂತು, ಲೆಟರ್‌ಹೆಡ್ಡಿನ ಮೇಲೆ ಏನೋ ಬರೆದು, ಮಡಿಸದೆ ನನ್ನ ಕೈಗೆ ಕೊಟ್ಟರು. “ಆಫೀಸಿಗೆ ಕೊಟ್ಟು ಬಾ. ಓದ್ಬೇಡ.”

ಮೆಟ್ಟಿಲ ಮೇಲೆ ಓದಿದೆ. ‘ಮುಂದುವರಿಸಬಹುದು. ಕೆಲಸ ತೃಪ್ತಿಕರ. ಮಾತು ಹೆಚ್ಚು. ಪಾಠ ಗಮನವಿಟ್ಟು ಕೇಳುತ್ತಾನೆ.’

ಪತ್ರ ಕೊಟ್ಟು ಅರ್ಧ ದಾರಿ ಇಳಿದೆ. ಅಲ್ಲೇ ಮೆಟ್ಟಿಲಿನ ಮೇಲೆ ಕೂತೆ. ಕೆಮಿಸ್ಟ್ರಿ ಲ್ಯಾಬಿನ ಹಿರಿಯರು ಮೇಲೆ ಹತ್ತುತ್ತಿದ್ದವರು ನಿಂತರು.

“ಏನಾಯ್ತು ಮಾರಾಯ, ಹೀಗೆ ಕೂತಿದೀಯ?”

“ಏನೂ ಆಗಿಲ್ಲ” ಎಂದೆ. ಹೇಳಲು ಎಷ್ಟು ಹಿತವಾಗಿತ್ತೆಂದರೆ, ಅವರು ಇನ್ನೊಂದು ಸಲ ಕೇಳಲಿ ಎಂದು ಕಾದೆ. ಕೇಳಲಿಲ್ಲ. ನಾನೇ ಹೇಳಿದೆ.

“ಏನೂ ಆಗಿಲ್ಲ ಸಾರ್.”